ಪ್ಲಾಟ್‌ಫಾರ್ಮಿನ ನಲ್ಲಿ

ಇವತ್ತು ರೈಲಿಗೆ ಕಾಯುತ್ತಾ ಪ್ಲಾಟ್‌ಫಾರ್ಮಿನ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದೆ. ಯಾಕೋ ಸೋವಿಯತ್ ರಷ್ಯಾದ ಸರಣಿ ಹಂತಕ ಚಿಕಟಿಲೊ ನೆನಪಾದ.

1990ರ ನವೆಂಬರ್‌ನಲ್ಲಿ, ರೊಸ್ತೋವ್ ಕಡೆಯ ಒಂದು ಸಣ್ಣ ಸ್ಟೇಷನ್‌ನಲ್ಲಿ, ಕಾಡಿನಿಂದ ಹೊರಗೆ ಬಂದು ಹೀಗೇ ಕೈ ತೊಳೆಯುತ್ತಿದ್ದವನನ್ನು ಪೊಲೀಸನೊಬ್ಬ ನೋಡಿದ. ಹೆಸರು ಬರೆದುಕೊಂಡು ಕಳಿಸಿದ, ಅಷ್ಟೇ. ಆ ಹೆಸರೇ ಎರಡು ವಾರದಲ್ಲಿ ಅವನನ್ನು ಹಿಡಿದುಕೊಟ್ಟಿತು. ಕೋರ್ಟಿನಲ್ಲಿ ಸಾಬೀತಾದ ಕೊಲೆಗಳು 52.

ನನಗೆ ಜಾಸ್ತಿ ಸಂಕಟ ಆಗೋದು 1984ರದ್ದು. ಆಗಲೇ ಸಿಕ್ಕಿದ್ದ, ಬ್ಯಾಗಿನಲ್ಲಿ ಚಾಕು, ಹಗ್ಗ ಎಲ್ಲ ಇತ್ತು. ರಕ್ತದ ಗುಂಪು ಹೊಂದಲಿಲ್ಲ ಅಂತ ಕೊಲೆ ಕೇಸಿನಿಂದ ಕೈಬಿಟ್ಟರು. ಆಮೇಲೆ ಮತ್ತೆ ಎಷ್ಟು ಮಕ್ಕಳು ಬಲಿಯಾದರು! ಅದಕ್ಕೂ ಮೊದಲು, 1983ರಲ್ಲಿ, ಮುಂದೆ ಇವನೇ ಒಪ್ಪಿಕೊಂಡ ಮೊದಲ ಕೊಲೆಗಾಗಿ ಬೇರೊಬ್ಬನಿಗೆ ಮರಣದಂಡನೆಯೂ ಆಗಿಹೋಗಿತ್ತು.

ನಲ್ಲಿ ನಿಲ್ಲಿಸೋದು ಮರೆತು ಸುಮ್ನೆ ನಿಂತಿದ್ದೆ. ಹಿಂದೆ ನಿಂತಿದ್ದ ಅಜ್ಜಿ ಬಾಟಲಿ ಚಾಚಿದಾಗಲೇ ಗೊತ್ತಾಗಿದ್ದು.