ಒಂದು ಪಾರ್ಸೆಲ್ಲಿನ ಲೆಕ್ಕವಿಲ್ಲದೆ ನಾನು ಬರೆದ ಬಿಸಿನೆಸ್ ಪ್ಲಾನ್

ಕಲಬುರಗಿಯ ಒಂದು ತೆರಿಗೆ ಸಲಹಾ ಕಚೇರಿಯಲ್ಲಿ ಹನ್ನೊಂದು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಜಿಎಸ್‌ಟಿ ರಿಟರ್ನ್ ಸಲ್ಲಿಸುವುದರ ಜೊತೆಗೆ ಬ್ಯಾಂಕ್ ಸಾಲಕ್ಕೆ ಬೇಕಾದ ಪ್ರಾಜೆಕ್ಟ್ ರಿಪೋರ್ಟ್ ಬರೆಯುವುದೂ ನನ್ನ ಪಾಲಿನ ಕೆಲಸ. ದಾಲ್ ಮಿಲ್, ಹಿಟ್ಟಿನ ಗಿರಣಿ, ಹೈನುಗಾರಿಕೆ ಇವುಗಳಿಗೆ ಬರೆದು ಬರೆದು ಕೈ ಪಳಗಿತ್ತು. ಅದೇ ರೂಢಿಯಲ್ಲಿ ಒಂದು ಚಿಕ್ಕ ಆನ್‌ಲೈನ್ ಮಾರಾಟದ ವ್ಯವಹಾರಕ್ಕೂ ಯೋಜನೆ ಬರೆದುಕೊಟ್ಟೆ. ಅದರಲ್ಲಿ ನಾನು ಮಾಡಿದ ತಪ್ಪು ಬೇರೆಯವರ ಸಾಲದ ಕಂತಿನ ಮೇಲೆ ಹೋಗಿ ಬಿದ್ದದ್ದರಿಂದ, ಅದನ್ನು ವಿವರವಾಗಿ ಬರೆಯಬೇಕೆನಿಸಿದೆ.

ನಮ್ಮಲ್ಲಿಗೆ ಬಂದಿದ್ದ ಅಕ್ಕನವರು ಮನೆಯಲ್ಲಿಯೇ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ (ನಮ್ಮ ಕಡೆ ಚಟ್ನಿಪುಡಿಗೆ ಹಿಂಡಿ ಎನ್ನುತ್ತೇವೆ) ಮಾಡಿ ಮದುವೆ ಮನೆಗಳಿಗೆ ಕೊಡುತ್ತಿದ್ದವರು. ಬೆಂಗಳೂರು, ಹೈದರಾಬಾದ್‌ಗಳಲ್ಲಿ ನೆಲೆಸಿರುವ ನಮ್ಮ ಕಡೆಯ ಜನ ಫೋನ್ ಮಾಡಿ ಕೇಳುತ್ತಿದ್ದುದರಿಂದ, ರೊಟ್ಟಿ ಯಂತ್ರವೊಂದನ್ನು ಕೊಂಡು ಆನ್‌ಲೈನಿನಲ್ಲಿ ಮಾರಬೇಕೆಂಬುದು ಅವರ ಆಸೆಯಾಗಿತ್ತು. 2020ರಲ್ಲಿ ಆರಂಭವಾದ, ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳಿಗಾಗಿನ ಕೇಂದ್ರ ಸರ್ಕಾರದ ಪಿಎಂಎಫ್‌ಎಂಇ ಯೋಜನೆಯಡಿ ಸಣ್ಣ ಆಹಾರ ಘಟಕಗಳಿಗೆ ಯೋಜನಾ ವೆಚ್ಚದ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ ಸಹಾಯಧನವಿತ್ತು. ಅದಕ್ಕೆ ಹೊಂದುವಂತೆ 3 ಲಕ್ಷ ರೂಪಾಯಿಯ ಯೋಜನೆ ಸಿದ್ಧಪಡಿಸಿದೆ. ತಿಂಗಳಿಗೆ 200 ಪಾರ್ಸೆಲ್, ಒಂದಕ್ಕೆ 450 ರೂಪಾಯಿ, ವರ್ಷಕ್ಕೆ 10 ಲಕ್ಷ 80 ಸಾವಿರ ವಹಿವಾಟು, 2 ಲಕ್ಷ 64 ಸಾವಿರ ಲಾಭ, ಎರಡನೆಯ ವರ್ಷಕ್ಕೆ ಶೇ 30ರಷ್ಟು ಬೆಳವಣಿಗೆ. ಸಾಲ ಮಂಜೂರಾಯಿತು. ಬ್ಯಾಂಕು ಒಪ್ಪಿದ ಮೇಲೆ ಯೋಜನೆ ಸರಿಯಾಗಿಯೇ ಇದೆ ಎಂದು ನಾನೂ ನಂಬಿದೆ.

ನಾಲ್ಕು ತಿಂಗಳ ನಂತರ ಅವರು ಒಂದು ರಟ್ಟಿನ ಪೆಟ್ಟಿಗೆ ಹಿಡಿದುಕೊಂಡು ಕಚೇರಿಗೆ ಬಂದರು. ಗ್ರಾಹಕರು ಹಿಂದಿರುಗಿಸಿದ ಪೆಟ್ಟಿಗೆ ಅದು. ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ ಅದನ್ನು ಬಿಚ್ಚಿದರೆ, ಇಪ್ಪತ್ತೈದು ರೊಟ್ಟಿಗಳಲ್ಲಿ ಮೇಲಿನ ಮೂರ್ನಾಲ್ಕು ಮಾತ್ರ ಇಡಿಯಾಗಿದ್ದವು. ಉಳಿದದ್ದೆಲ್ಲ ಅಂಗೈಯಗಲದ ಚೂರುಗಳು, ಕೆಳಗೆ ಪುಡಿ. "ಮಾಲೆಲ್ಲಾ ಹೋಗ್ಯಾದ್ರಿ ಸರ, ರೊಕ್ಕ ಮಾತ್ರ ಕೈಯಾಗ ಉಳಿದಿಲ್ಲ ನೋಡ್ರಿ" ಎಂದು ಹೇಳಿ ಕೊರಿಯರ್ ಬಿಲ್ಲುಗಳ ಕಟ್ಟನ್ನು ನನ್ನ ಮುಂದಿಟ್ಟರು.

ಬಿಲ್ಲಿನಲ್ಲಿ ಪ್ರತಿ ಪಾರ್ಸೆಲ್ಲಿನ ತೂಕ ಮೂರು ಕಿಲೋ ಎಂದಿತ್ತು. ರೊಟ್ಟಿ ಮತ್ತು ಕಾಲು ಕಿಲೋ ಹಿಂಡಿ ಸೇರಿ ಒಂದೂವರೆ ಕಿಲೋ ಕೂಡ ಆಗದ ಪೆಟ್ಟಿಗೆ ಅದು. ಫೂಟ್‌ಪಟ್ಟಿ ತೆಗೆದುಕೊಂಡು ಅಳೆದೆ: ಉದ್ದ 30 ಸೆಂಟಿಮೀಟರ್, ಅಗಲ 30, ಎತ್ತರ 15. ಬಹುತೇಕ ಕೊರಿಯರ್‌ನವರು ಈ ಮೂರನ್ನೂ ಗುಣಿಸಿ 5000ದಿಂದ ಭಾಗಿಸುತ್ತಾರೆ. ಬಂದ ಸಂಖ್ಯೆ ತಕ್ಕಡಿಯ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ದರ ಹಾಕುತ್ತಾರೆ. ಇಲ್ಲಿ 2.7 ಬಂತು. ಅರ್ಧ ಅರ್ಧ ಕಿಲೋದ ಹಂತಗಳಲ್ಲಿ ದರವಿರುವುದರಿಂದ ಅದು ಮೂರು ಕಿಲೋ ಆಯಿತು. ರೊಟ್ಟಿ ಹಗುರ, ಆದರೆ ಜಾಗ ಬಹಳ ಹಿಡಿಯುತ್ತದೆ. ನಾವು ಸಾಗಣೆಗೆ ತೆರುತ್ತಿದ್ದುದು ಆ ಜಾಗದ ಬೆಲೆ. ಹುಟ್ಟಿದಾಗಿನಿಂದ ರೊಟ್ಟಿ ತಿಂದು ಬೆಳೆದ ನಾನು ಯೋಜನೆ ಬರೆಯುವಾಗ ಒಂದು ಸಲವೂ ಆ ಪೆಟ್ಟಿಗೆಯನ್ನು ತರಿಸಿ ನೋಡಿರಲಿಲ್ಲ.

ಬಿಲ್ಲೊಂದರ ಹಿಂಬದಿಯಲ್ಲಿಯೇ ಇಬ್ಬರೂ ಕೂಡಿ ಒಂದು ಪಾರ್ಸೆಲ್ಲಿನ ಲೆಕ್ಕ ಬರೆದೆವು. ರೊಟ್ಟಿ ಮತ್ತು ಹಿಂಡಿಯ ತಯಾರಿಕೆಗೆ 220 ರೂಪಾಯಿ. ಪೆಟ್ಟಿಗೆ, ಒಳಗಿನ ಮೆತ್ತೆ, ಟೇಪು, ಲೇಬಲ್‌ಗೆ ನಾನು ಹಾಕಿದ್ದು 15, ಆಗುತ್ತಿದ್ದುದು 35. ಸಾಗಣೆಗೆ ನಾನು ಹಾಕಿದ್ದು 60, ಆಗುತ್ತಿದ್ದುದು 150. ಮಾರಾಟ ತಾಣದ ಕಮಿಷನ್ 45. ನನ್ನ ಯೋಜನೆಯಲ್ಲಿ 110 ರೂಪಾಯಿ ಉಳಿಯುತ್ತಿತ್ತು. ನಿಜದಲ್ಲಿ ಒಟ್ಟು ವೆಚ್ಚವೇ 450 ಆಗಿ ಉಳಿಯುತ್ತಿದ್ದುದು ಸೊನ್ನೆ. ಒಡೆದು ಹಿಂದಿರುಗಿದ ಪ್ರತಿಯೊಂದು ಪೆಟ್ಟಿಗೆಯೂ ನೇರ ನಷ್ಟ. ಮಾರಾಟ ಹೆಚ್ಚಿದಷ್ಟೂ ಒಡೆಯುವ ಪೆಟ್ಟಿಗೆಗಳು ಹೆಚ್ಚುತ್ತಿದ್ದವು. ಐದು ವರ್ಷಗಳ ಕೋಷ್ಟಕದಲ್ಲಿ ನಾನು ತೋರಿಸಿದ್ದ ಬೆಳವಣಿಗೆ ಅವರನ್ನು ಇನ್ನಷ್ಟು ಆಳಕ್ಕೆ ಇಳಿಸುತ್ತಿತ್ತು.

ಯೋಜನೆಯನ್ನು ಮತ್ತೆ ಓದಿದಾಗ ಬೇರೆ ದೋಷಗಳೂ ಕಂಡವು. ಸಹಾಯಧನದ 1 ಲಕ್ಷ 5 ಸಾವಿರ ರೂಪಾಯಿಯನ್ನು ಮೊದಲ ವರ್ಷದ ನಗದಿನಲ್ಲಿ ತೋರಿಸಿದ್ದೆ. ಆ ಹಣ ಕೈಗೆ ಬರುವಂಥದ್ದಲ್ಲ. ಬ್ಯಾಂಕಿನಲ್ಲಿಯೇ ಬೇರೆ ಖಾತೆಯಲ್ಲಿದ್ದು, ಮೂರು ವರ್ಷ ಕಂತು ಸರಿಯಾಗಿ ಕಟ್ಟಿದ ಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಮೂಲ ನೋಂದಣಿಗೆ ಆಗಿನ ಮಿತಿ 12 ಲಕ್ಷ ರೂಪಾಯಿ ವಹಿವಾಟು. ಶೇ 30ರ ಬೆಳವಣಿಗೆಯಂತೆ ಎರಡನೆಯ ವರ್ಷ 14 ಲಕ್ಷ ದಾಟಬೇಕಿತ್ತು, ಆದರೆ ಮಿತಿ ದಾಟಿದಾಗ ಬೇಕಾಗುತ್ತಿದ್ದ ರಾಜ್ಯ ಪರವಾನಗಿಯ ವೆಚ್ಚವನ್ನು ಎಲ್ಲಿಯೂ ಹಾಕಿರಲಿಲ್ಲ. ಪೊಟ್ಟಣದ ಮೇಲೆ ನಿವ್ವಳ ತೂಕ, ಎಂಆರ್‌ಪಿ, ತಯಾರಕರ ವಿಳಾಸ ಇತ್ಯಾದಿ ಅಚ್ಚಾಗಬೇಕೆಂಬುದು ಅವರಿಗೇ ಗೊತ್ತಿತ್ತು.

ನಮ್ಮ ಜಿಲ್ಲೆಯವರು ವಿಶೇಷವಾಗಿ ಗಮನಿಸಬೇಕಾದದ್ದು ಗಡಿಯ ವಿಷಯ. 2023ರ ಅಕ್ಟೋಬರ್ 1ರಿಂದ, ವಹಿವಾಟು ಜಿಎಸ್‌ಟಿ ಮಿತಿಯೊಳಗಿರುವ ಸಣ್ಣ ಮಾರಾಟಗಾರರು ಜಿಎಸ್‌ಟಿ ನೋಂದಣಿಯಿಲ್ಲದೆಯೂ ಆನ್‌ಲೈನ್ ತಾಣಗಳಲ್ಲಿ ಮಾರಬಹುದು, ಆದರೆ ರಾಜ್ಯದೊಳಗೆ ಮಾತ್ರ. ಕಲಬುರಗಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ, ಸೊಲ್ಲಾಪುರ ಇನ್ನೂ ಹತ್ತಿರ. ಮದುವೆ, ವ್ಯಾಪಾರ, ಆಸ್ಪತ್ರೆ ಎಲ್ಲಕ್ಕೂ ನಾವು ಆ ಊರುಗಳಿಗೆ ಹೋಗಿಬರುವವರು; ಆದರೆ ತೆರಿಗೆ ಬೀಳುವ ಸರಕಿನ ಒಂದು ಪಾರ್ಸೆಲ್ ಅಲ್ಲಿಗೆ ಹೋದರೂ ಅದು ಅಂತರರಾಜ್ಯ ಮಾರಾಟ, ಅದಕ್ಕೆ ನೋಂದಣಿ ಬೇಕು. ಗ್ರಾಹಕರು ಯಾವ ಊರಿನವರು ಎಂಬ ಪ್ರಶ್ನೆಯನ್ನು ಯೋಜನೆಯ ಮೊದಲ ಪುಟದಲ್ಲಿಯೇ ಕೇಳದಿದ್ದರೆ ಈ ನೋಂದಣಿ, ಪ್ರತಿ ತಿಂಗಳ ಅಥವಾ ತ್ರೈಮಾಸಿಕ ರಿಟರ್ನಿನ ಕೆಲಸ, ಎರಡೂ ಲೆಕ್ಕದಿಂದ ಬಿಟ್ಟುಹೋಗುತ್ತವೆ.

ಎರಡನೆಯ ಯೋಜನೆ ಒಂದೇ ಪುಟದ್ದು. ಅದರಲ್ಲಿ ರೊಟ್ಟಿಯನ್ನು ಕೊರಿಯರ್‌ನಿಂದ ತೆಗೆದೆವು. ಊರೊಳಗಿನವರಿಗೆ ಮತ್ತು ಮನೆಗೇ ಬಂದು ಒಯ್ಯುವವರಿಗೆ ಮಾತ್ರ ಎಂದು ಬರೆದೆವು. ಹೊರಗೆ ಹೋಗುವುದು ಹಿಂಡಿ: ಶೇಂಗಾ, ಅಗಸಿ, ಗುರೆಳ್ಳು, ಮೂರೂ ಕಾಲು ಕಾಲು ಕಿಲೋ. ಪೆಟ್ಟಿಗೆ ಚಿಕ್ಕದು, ತೂಕ ಒಂದು ಕಿಲೋದೊಳಗೆ, ಒಡೆಯುವ ಭಯವಿಲ್ಲ. ತಯಾರಿಕೆ 210, ಪ್ಯಾಕಿಂಗ್ 25, ಸಾಗಣೆ 80, ಕಮಿಷನ್ 40. ಬೆಲೆ 399 ಇಟ್ಟರೆ ಉಳಿಯುವುದು 44. ಅದೇ ಗ್ರಾಹಕರು ಎರಡನೆಯ ಸಲ ನೇರವಾಗಿ ವಾಟ್ಸ್‌ಆ್ಯಪ್‌ನಲ್ಲಿ ಕೇಳಿದರೆ 84. ಆದ್ದರಿಂದ ಜಾಹೀರಾತಿಗಿಂತ, ಒಮ್ಮೆ ಕೊಂಡವರನ್ನು ಉಳಿಸಿಕೊಳ್ಳುವುದಕ್ಕೆ ಯೋಜನೆಯಲ್ಲಿ ಹೆಚ್ಚು ಜಾಗ ಕೊಟ್ಟೆವು. ಯಂತ್ರದ ಕಂತು ಮಾತ್ರ ಇನ್ನೂ ಭಾರವಾಗಿಯೇ ಇದೆ. ಮದುವೆ ತಿಂಗಳುಗಳ ರೊಟ್ಟಿಯ ಗಳಿಕೆಯನ್ನು ಅದಕ್ಕೆಂದೇ ತೆಗೆದಿಡುತ್ತಿದ್ದಾರೆ. ಆ ಪುಟವನ್ನು ಅವರು ಅಡುಗೆಮನೆಯ ಬಾಗಿಲ ಹಿಂದೆ ಅಂಟಿಸಿಕೊಂಡಿದ್ದು, ಶೇಂಗಾದ ಧಾರಣೆ ಬದಲಾದಾಗಲೆಲ್ಲ ಪೆನ್ಸಿಲ್‌ನಿಂದ ತಿದ್ದುತ್ತಾರೆ.

ಕಳೆದ ತಿಂಗಳು ಚಿತ್ತಾಪುರದ ಕಡೆಯ ಯುವಕನೊಬ್ಬ ತೊಗರಿಬೇಳೆಯನ್ನು ಆನ್‌ಲೈನಿನಲ್ಲಿ ಮಾರುವ ಯೋಜನೆ ಬರೆಸಲು ಬಂದ. ನಮ್ಮ ತೊಗರಿಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ದೊರೆತದ್ದರಿಂದ ಒಳ್ಳೆಯ ಬೆಲೆ ಸಿಗುತ್ತದೆಂಬ ಭರವಸೆ ಅವನಿಗಿತ್ತು. ಫೋನಿನಲ್ಲಿಯೇ ಹೇಳಿದ್ದೆ, ಪ್ಯಾಕ್ ಮಾಡಿದ ಒಂದು ಪೊಟ್ಟಣ ತೆಗೆದುಕೊಂಡು ಬಾ ತಮ್ಮಾ ಎಂದು. ಕಂಪ್ಯೂಟರ್ ತೆರೆಯುವ ಮೊದಲೇ ಅದನ್ನು ತಕ್ಕಡಿಗೆ ಇಟ್ಟೆವು. ಬೇಳೆ ಒಂದು ಕಿಲೋ. ಪೊಟ್ಟಣ, ಪೆಟ್ಟಿಗೆ ಸೇರಿ 1,080 ಗ್ರಾಂ, ಅಂದರೆ ಕೊರಿಯರ್‌ನವರ ಲೆಕ್ಕದಲ್ಲಿ ಒಂದೂವರೆ ಕಿಲೋ. ಅವನು ಸ್ವಲ್ಪ ಹೊತ್ತು ಆ ಅಂಕಿಯನ್ನೇ ನೋಡಿ, "ಸರ, ಐದು ಕಿಲೋದ ಚೀಲ ಮಾಡಿದ್ರ ಹ್ಯಾಂಗ್ರಿ?" ಎಂದು ಕೇಳಿದ. ಆ ಪ್ರಶ್ನೆಯಿಂದಲೇ ಬರೆಯಲು ಆರಂಭಿಸಿದೆವು.