ನಾಲ್ಕು ಟೈರು, ಒಂದು ಚಾರ್ಮಾಡಿ

ಕಾರು 2014ರ ಪೋಲೊ ಜಿಟಿ ಟಿಎಸ್‌ಐ. 1.2 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, 105 ಪಿಎಸ್ ಶಕ್ತಿ, ಏಳು ಗೇರಿನ ಡಿಎಸ್‌ಜಿ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಓಡುವ ಉಮೇದಿಗೇನೂ ಕೊರತೆಯಿಲ್ಲ. ಕಾಲಿಗೆ ಮಾತ್ರ ಹವಾಯಿ ಚಪ್ಪಲಿ: 185/60 ಆರ್ 15 ಅಳತೆಯ (185 ಮಿ.ಮೀ. ಅಗಲ, ಪಕ್ಕದ ಗೋಡೆ ಅಂದರೆ ಸೈಡ್‌ವಾಲಿನ ಎತ್ತರ ಅಗಲದ ಶೇ 60, ರಿಮ್ 15 ಇಂಚು), ಮೈಲೇಜು ಮತ್ತು ಬಾಳಿಕೆಗೆಂದೇ ಮಾಡಿದ ಟೈರು. ಘಾಟಿಯ ತಿರುವಿನಲ್ಲಿ ಸ್ಟಿಯರಿಂಗ್ ತಿರುಗಿಸಿದರೆ ಕಾರು ಅರೆಕ್ಷಣ ಯೋಚನೆ ಮಾಡಿ ಆಮೇಲೆ ತಿರುಗುತ್ತಿತ್ತು. 2023ರ ಜೂನ್‌ನಲ್ಲಿ, ಮಳೆ ಹಿಡಿಯುವ ಹೊತ್ತಿಗೆ, ನಾಲ್ಕನ್ನೂ ಬದಲಿಸಿ ಮರುದಿನ ಚಾರ್ಮಾಡಿ ಘಾಟಿಯಲ್ಲಿ ಓಡಿಸಿ ನೋಡಿದ್ದರ ವಿವರ ಇದು.

ಅಂಗಡಿಗೆ ಹೋಗುವ ಮೊದಲು ಹಳೇ ಟೈರನ್ನು ಓದಬೇಕು. ಮುಂದಿನ ಎರಡರಲ್ಲಿ ಟ್ರೆಡ್ (ನೆಲ ಮುಟ್ಟುವ ಗೀರುಗಳ ಪಟ್ಟಿ) ಆಳ ನಡುವೆ 3.2 ಮಿ.ಮೀ., ಹೊರ ಅಂಚಿನಲ್ಲಿ 2.1. ಸವೆತದ ಗುರುತು 1.6 ಮಿ.ಮೀ.ಗೆ ಬರುತ್ತದೆ, ಅಂದರೆ ಕಾನೂನಿನ ಲೆಕ್ಕದಲ್ಲಿ ಇನ್ನೂ ಬದುಕಿವೆ. ಮಳೆಯ ಲೆಕ್ಕದಲ್ಲಿ ಸತ್ತಿವೆ. ಟ್ರೆಡ್ ಮೇಲೆ ಅಂಗೈ ಆಡಿಸಿದರೆ ಹೊರಗಿನಿಂದ ಒಳಕ್ಕೆ ನುಣುಪು, ಒಳಗಿನಿಂದ ಹೊರಕ್ಕೆ ಗರಗಸ. ಚಕ್ರಗಳ ಮೂತಿ ಒಳಕ್ಕೆ ಹೆಚ್ಚು ವಾಲಿದೆ, ಅಂದರೆ ಟೋ ತಪ್ಪಿದೆ ಎಂಬುದಕ್ಕೆ ಇದು ಗುರುತು. ಸೈಡ್‌ವಾಲ್ ಮೇಲೆ 3117 ಎಂಬ ನಾಲ್ಕಂಕಿ ಇತ್ತು: 2017ರ 31ನೇ ವಾರದ ಸರಕು. ಆರು ವರ್ಷ ಬಿಸಿಲುಂಡ ರಬ್ಬರು ಉಗುರು ಒತ್ತಿದರೆ ತಗ್ಗುವುದಿಲ್ಲ.

ಟೋ ತಪ್ಪಿದ್ದೇಕೆ ಎಂದು ಜಾಕ್ ಹಾಕಿ ನೋಡಿದಾಗ ಎಡಗಡೆ ಚಕ್ರವನ್ನು ಹಿಡಿದಿಡುವ ಲೋವರ್ ಆರ್ಮಿನ ರಬ್ಬರ್ ಬುಷ್ ಸೀಳಿತ್ತು. ಬುಷ್ ಹರಿದಿದ್ದರೆ ಚಕ್ರಗಳ ದಿಕ್ಕು ಅಳೆಯುವ ಅಲೈನ್‌ಮೆಂಟ್ ಯಂತ್ರ ತೋರಿಸುವ ಅಂಕಿಗೆ ಅರ್ಥವೇ ಇಲ್ಲ. ಬ್ರೇಕ್ ಒತ್ತಿದ ಕೂಡಲೇ ಚಕ್ರ ಬೇರೆ ಕಡೆ ಮುಖ ಮಾಡುತ್ತದೆ. ಹೊಸ ಟೈರಿಗೆ ಮೂವತ್ತು ಸಾವಿರದ ಆಸುಪಾಸು ಸುರಿದು ಬುಷ್ಷಿಗೆ ಜಿಪುಣತನ ಮಾಡುವವರು ಬಹಳ. ಮೊದಲು ಎರಡೂ ಕಡೆಯ ಬುಷ್ ಬದಲಾದವು.

ಇನ್ನು ಅಳತೆ. ಟೈರ್ ಅಂಗಡಿಯಲ್ಲಿ ಮೊದಲು ಕೇಳುವ ಮಾತು ಬೆಂಗಳೂರಿನಲ್ಲಿ ಎಲ್ಲಿ ಹೋದರೂ ಒಂದೇ: "ಸರ್, 205 ಹಾಕ್ಬಿಡಿ, ರೋಡ್ ಹಿಡ್ಕೊಳತ್ತೆ." ಅಗಲವಾದರೆ ಹಿಡಿತ ಎಂಬ ನಂಬಿಕೆ ಅರ್ಧ ನಿಜ. ಈ ಕಾರಿನ ಮುಂದಿನ ಒಂದೊಂದು ಚಕ್ರದ ಮೇಲೆ ಸುಮಾರು 340 ಕೆ.ಜಿ. ಭಾರ. ಗಾಳಿ 32 ಪಿಎಸ್‌ಐ, ಅಂದರೆ ಚದರ ಸೆ.ಮೀ.ಗೆ 2.25 ಕೆ.ಜಿ. ಭಾಗಿಸಿದರೆ ನೆಲಕ್ಕೆ ಊರುವ ಜಾಗ ಸುಮಾರು 150 ಚದರ ಸೆ.ಮೀ., ಬೆರಳು ಸೇರಿಸಿ ಒಂದು ಹಸ್ತದಷ್ಟು. ಟೈರ್ ಅಗಲವಾದರೂ ಭಾರ ಮತ್ತು ಗಾಳಿ ಅವೇ ಇದ್ದರೆ ಈ ಜಾಗ ಹೆಚ್ಚೇನೂ ಹಿಗ್ಗುವುದಿಲ್ಲ, ಆಕಾರ ಬದಲಾಗುತ್ತದೆ. ಉದ್ದ ಕಮ್ಮಿಯಾಗಿ ಅಡ್ಡ ಜಾಸ್ತಿ. ಅದರಿಂದ ತಿರುವಿನಲ್ಲಿ ಮಾತು ಬೇಗ ಕೇಳುತ್ತದೆ, ನಿಜ. ಆದರೆ ನಿಂತ ನೀರನ್ನು ಸೀಳುವುದಕ್ಕೆ ಅದೇ ಅಗಲ ತೊಡಕು. ಹಿಡಿತದ ಬಹುಪಾಲು ಬರುವುದು ರಬ್ಬರಿನ ಪಾಕದಿಂದ, ಅಂದರೆ ಅದರ ಮಿಶ್ರಣದಿಂದ. ಚುರುಕು ಬರುವುದು ಸೈಡ್‌ವಾಲಿನ ಗಟ್ಟಿತನದಿಂದ. ಇವೆರಡೂ ಬೇರೆ ಬೇರೆ ಗುಣ ಎಂಬುದನ್ನು ಮರೆತೇ ಬಹಳಷ್ಟು ಟೈರ್ ಕೊಳ್ಳಲಾಗುತ್ತದೆ.

ಲೆಕ್ಕ ಹಾಕಿ ನೋಡಿದ್ದು ಹೀಗೆ. ಮೂಲ 185/60 ಆರ್ 15ರ ಹೊರ ವ್ಯಾಸ 603 ಮಿ.ಮೀ., ಸೈಡ್‌ವಾಲ್ ಎತ್ತರ 111. ಎಲ್ಲರೂ ಹಾಕುವ 195/60 ಆರ್ 15ರ ವ್ಯಾಸ 615. ಗುಂಡಿ ರಸ್ತೆಗೆ ಒಳ್ಳೆಯದೇ, ಆದರೆ ಸೈಡ್‌ವಾಲ್ 117ಕ್ಕೆ ಏರುತ್ತದೆ, ಅಂದರೆ ಇನ್ನಷ್ಟು ಓಲಾಟ. ಚುರುಕು ಬೇಕೆಂದು ಹೊರಟವರು ಇದನ್ನು ಹಾಕಿಸಿ ಆಮೇಲೆ ಸ್ಪ್ರಿಂಗಿಗೆ ಬೈಯುತ್ತಾರೆ. 205/55 ಆರ್ 16 ಹಾಕಿದರೆ 632, ಮೂಲಕ್ಕಿಂತ ಸುಮಾರು ಶೇ 5 ದೊಡ್ಡದು. ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೆ ಒಳಗಿನ ಪ್ಲಾಸ್ಟಿಕ್ಕಿಗೆ ಉಜ್ಜುವ ಭಯ, ಸ್ಪೀಡೊಮೀಟರೂ ಸುಳ್ಳು. 205/45 ಆರ್ 17 ಚೆನ್ನಾಗಿ ಕಾಣುತ್ತದೆ. ಆದರೆ ಸೈಡ್‌ವಾಲ್ ಬರೀ 92 ಮಿ.ಮೀ. ಮೂಡಿಗೆರೆ ಕಡೆಯ ಮಳೆಗಾಲದ ಗುಂಡಿಗೆ ಒಮ್ಮೆ ಬಿದ್ದರೆ ಸೈಡ್‌ವಾಲಿನ ಒಳನೂಲು ಹರಿದು ಗುಳ್ಳೆ ಏಳುತ್ತದೆ, ರಿಮ್ಮೂ ಸೊಟ್ಟ. ಅಗ್ಗದ 17 ಇಂಚಿನ ಅಲಾಯ್‌ಗಳ ತೂಕವೂ ಹೆಚ್ಚು. ಸ್ಪ್ರಿಂಗಿನ ಕೆಳಗೆ ತೂಕ ಏರಿದಷ್ಟೂ ಉಬ್ಬುತಗ್ಗಿನಲ್ಲಿ ಚಕ್ರ ನೆಲ ಬಿಡುತ್ತದೆ. ಹಿಡಿತಕ್ಕೆಂದು ದುಡ್ಡು ಕೊಟ್ಟು ಹಿಡಿತವನ್ನೇ ಕಳೆದುಕೊಂಡ ಹಾಗೆ.

ಉಳಿದದ್ದು 195/55 ಆರ್ 15. ವ್ಯಾಸ 595.5, ಮೂಲಕ್ಕಿಂತ ಶೇ 1.2 ಚಿಕ್ಕದು. ಸೈಡ್‌ವಾಲ್ 107. ನೆಲದಿಂದ ಎತ್ತರ ನಾಲ್ಕು ಮಿ.ಮೀ. ತಗ್ಗುತ್ತದೆ, ಅಷ್ಟೆ. ರಿಮ್ ಒಳಗೆ 6ಜೆ (ಆರಿಂಚು ಅಗಲ) ಎಂದು ಅಚ್ಚಾಗಿತ್ತು, 195ಕ್ಕೆ ಹೇಳಿ ಮಾಡಿಸಿದ ಅಗಲ. ಹೊಸ ಅಲಾಯ್ ಖರ್ಚು ಉಳಿಯಿತು. ಲೋಡ್ ಇಂಡೆಕ್ಸ್ ಮೂಲದ್ದು 84, ಅಂದರೆ 500 ಕೆ.ಜಿ.; ಹೊಸದು 85, ಅಂದರೆ 515. ಈ ಅಂಕಿ ಯಾವತ್ತೂ ಮೂಲಕ್ಕಿಂತ ಕೆಳಗಿಳಿಯಬಾರದು. ಜೊತೆಗಿನ ವಿ ಅಕ್ಷರ ಗಂಟೆಗೆ 240 ಕಿ.ಮೀ. ತಡೆಯುತ್ತದೆಂದು ಹೇಳುತ್ತದೆ. ಆ ವೇಗ ಯಾರಿಗೂ ಬೇಡ. ಆದರೆ ವಿ ದರ್ಜೆಯ ಟೈರಿನ ಮೈಕಟ್ಟು ಸಾಮಾನ್ಯವಾಗಿ ಟಿ ದರ್ಜೆಯದಕ್ಕಿಂತ ಬಿಗಿ, ಬೇಕಾದದ್ದು ಅದು.

ಪಾಕವನ್ನು ಸೈಡ್‌ವಾಲ್ ಓದಿಯೇ ಊಹಿಸಬೇಕು. ಟೈರು ಎಷ್ಟು ನಿಧಾನ ಸವೆಯುತ್ತದೆಂದು ಹೇಳುವ ಟ್ರೆಡ್‌ವೇರ್ ಅಂಕಿ ಇರುತ್ತದೆ: 500ರ ಮೇಲಿನದು ಬಾಳಿಕೆಯ ಜಾತಿ, 200ರ ಆಸುಪಾಸಿನದು ಟ್ರ್ಯಾಕಿಗೆ ಹೋಗುವ ಜಾತಿ. ಮಿಶೆಲಿನ್ ಪೈಲಟ್ ಸ್ಪೋರ್ಟ್ 4ರ ಮೇಲೆ 320 ಎಂದಿರುತ್ತದೆ, ಅದನ್ನು ಮೊಳಕೋಲಿನ ಹಾಗೆ ಇಟ್ಟುಕೊಳ್ಳಬಹುದು. ಒಂದು ಎಚ್ಚರ: ಈ ಅಂಕಿಯನ್ನು ಕಂಪನಿಗಳು ತಾವೇ ಕೊಟ್ಟುಕೊಳ್ಳುತ್ತವೆ, ಹಾಗಾಗಿ ಒಂದು ಕಂಪನಿಯ 300ನ್ನು ಇನ್ನೊಂದರ 300ರ ಪಕ್ಕ ಇಟ್ಟು ತೂಗಬಾರದು. ಟ್ರ್ಯಾಕ್ಷನ್ ಎ, ಎಎ ಎಂಬ ಅಕ್ಷರಗಳು ಒದ್ದೆ ನೆಲದಲ್ಲಿ ನೇರ ಬ್ರೇಕ್ ಹಾಕಿದಾಗಿನ ಹಿಡಿತವನ್ನು ಹೇಳುತ್ತವೆ. ತಿರುವಿನ ಬಗ್ಗೆ ಒಂದು ಮಾತೂ ಇಲ್ಲ. ನಮ್ಮಲ್ಲಿ 15 ಇಂಚಿಗೆ ನಿಜವಾದ ಸ್ಪೋರ್ಟ್ ಟೈರ್ ಸಿಗುವುದೇ ಕಷ್ಟ. ಆ ವಾರ ಸ್ಟಾಕಿನಲ್ಲಿದ್ದ ಮೂರು ಬಗೆಯಲ್ಲಿ ಟ್ರೆಡ್‌ವೇರ್ 300ರ ಹತ್ತಿರದ, ಹೊರ ಭುಜದಲ್ಲಿ (ಟ್ರೆಡ್ಡಿನ ಹೊರ ಅಂಚಿನಲ್ಲಿ) ಅಗಲವಾದ ಗಟ್ಟಿ ಬ್ಲಾಕ್‌ಗಳಿರುವ, ನಡುವೆ ಮೂರು ಆಳದ ಕಾಲುವೆಗಳಿರುವ ಒಂದನ್ನು ಆರಿಸಿದ್ದಾಯಿತು. ಮಳೆಯ ನೀರು ಹೊರಡುವುದು ಆ ಕಾಲುವೆಗಳಲ್ಲಿ, ತಿರುವಿನಲ್ಲಿ ಕಾರು ಒರಗುವುದು ಆ ಭುಜದ ಮೇಲೆ.

ಅಂಗಡಿಯಲ್ಲಿ ಎಡವುವ ಜಾಗಗಳು ಒಂದೆರಡಲ್ಲ. ತಂದಿಟ್ಟ ನಾಲ್ಕರಲ್ಲಿ ಮೂರು ಅದೇ ವರ್ಷದ ಆರಂಭದವು, ನಾಲ್ಕನೆಯದು 2021ರದ್ದು. ವಾಪಸ್ ಕಳಿಸಿ ಬೇರೆ ತರಿಸಲು ಒಂದೂವರೆ ಗಂಟೆ ಹಿಡಿಯಿತು. ಒಂದು ಟೈರನ್ನು ಹುಡುಗ ಒಳಮುಖ ಹೊರಕ್ಕೆ ಮಾಡಿ ಏರಿಸಿದ್ದ. ಇಂಥ ಟೈರಿನ ಎರಡು ಭುಜ ಬೇರೆ ಬೇರೆ, ಔಟ್‌ಸೈಡ್ ಎಂಬ ಬರಹ ಹೊರಗೇ ಕಾಣಬೇಕು. ಹಳದಿ ಚುಕ್ಕೆ ಟೈರಿನ ಹಗುರ ಭಾಗ; ಅದನ್ನು ವಾಲ್ವ್ ಪಕ್ಕಕ್ಕೇ ಕೂರಿಸಿದರೆ ತೂಕದ ತುಂಡು ಕಡಿಮೆ ಸಾಕು. ರಬ್ಬರ್ ವಾಲ್ವ್‌ಗಳನ್ನು ಹೊಸದೇ ಹಾಕಿಸಬೇಕು, ನಾಲ್ಕಕ್ಕೂ ಸೇರಿ ಒಂದು ಊಟದ ದುಡ್ಡು. ಇನ್ನೊಂದು, ಈ ಕಾರಿಗೆ ನಟ್ ಅಲ್ಲ, ಬೋಲ್ಟ್. ಅದರ ತಲೆಯ ಕೆಳಭಾಗ ಗುಂಡಗೆ. ಹೊರಗಿನ ಅಲಾಯ್‌ಗಳಿಗೆ ಬರುವ ಶಂಕುವಿನಾಕಾರದ ಬೋಲ್ಟನ್ನು ಇಲ್ಲಿ ಹಾಕಿದರೆ ಸರಿಯಾಗಿ ಕೂರದೆ ಸಡಿಲವಾಗುತ್ತದೆ. ಬಿಗಿ 120 ನ್ಯೂಟನ್ ಮೀಟರ್, ಟಾರ್ಕ್ ರೆಂಚಿನಲ್ಲಿ. ಗಾಳಿಯ ಗನ್ನಿನಲ್ಲಿ ಟರ್‍ರ್ ಎನಿಸಿ ಬಿಟ್ಟರೆ ಎಷ್ಟು ಬಿಗಿಯಾಯಿತೆಂದು ದೇವರಿಗೂ ಗೊತ್ತಿಲ್ಲ. ನಡುರಾತ್ರಿ ಪಂಕ್ಚರ್ ಆದಾಗ ಕಾರಿನ ಪಾನಾ ಅದನ್ನು ಅಲ್ಲಾಡಿಸಲಾರದು.

ಅಲೈನ್‌ಮೆಂಟಿಗೆ ಮೊದಲು ನಾಲ್ಕೂ ಚಕ್ರದ ಗಾಳಿ ಸಮ ಮಾಡಿ, ಸ್ಟಿಯರಿಂಗ್ ನೇರ ಮಾಡಿ ಕಟ್ಟಬೇಕು. ಈ ಕಾರಿನಲ್ಲಿ ಮುಂದಿನ ಟೋ ಒಂದನ್ನೇ ಸುಲಭವಾಗಿ ತಿದ್ದಬಹುದು. ಹಿಂದಿನದು ಟಾರ್ಷನ್ ಬೀಮ್, ಎರಡೂ ಚಕ್ರ ಸೇರಿಸುವ ಒಂದೇ ತೊಲೆ, ತಿರುಪುವಂಥದ್ದು ಏನೂ ಇಲ್ಲ. ಹಿಂದಿನ ಟೋ ಕೂಡ ಅಡ್ಜಸ್ಟ್ ಮಾಡಿದ್ದೇವೆ ಎಂದು ಬಿಲ್ ಬರೆದರೆ ನಕ್ಕು ಬರಬೇಕು.

ಮಧ್ಯಾಹ್ನ ಬೆಂಗಳೂರು ಬಿಟ್ಟು ಹಾಸನ, ಬೇಲೂರು, ಮೂಡಿಗೆರೆ. ಸುಮಾರು 250 ಕಿ.ಮೀ. ಈ ದಾರಿ ಬೇಕಿತ್ತು ಕೂಡ, ಏಕೆಂದರೆ ಹೊಸ ಟೈರಿನ ಮೇಲೆ ಅಚ್ಚಿನಿಂದ ಬಿಡಿಸಲು ಬಳಸಿದ ಜಿಡ್ಡು ಇರುತ್ತದೆ. ಮೊದಲ 300 ಕಿ.ಮೀ. ಜೋರು ಬ್ರೇಕ್, ಜೋರು ತಿರುವು ಬೇಡ. ಟ್ರೆಡ್ ಬ್ಲಾಕ್‌ಗಳು ಎಂಟು ಮಿ.ಮೀ. ಎತ್ತರ ನಿಂತಿರುವುದರಿಂದ ಲೇನ್ ಬದಲಿಸುವಾಗ ಕಾರು ಮೆತ್ತಗೆ ತೇಲಿದಂತೆಯೂ ಅನಿಸುತ್ತದೆ, ಸಾವಿರ ಕಿ.ಮೀ. ಆಗುವ ಹೊತ್ತಿಗೆ ಹೋಗುತ್ತದೆ. ಹೋಗಬಾರದ್ದು ಇನ್ನೊಂದು ಹೋಗಿತ್ತು. ಕುಣಿಗಲ್ ದಾಟಿದ ಮೇಲೆ 90ರಲ್ಲಿ ಸ್ಟಿಯರಿಂಗ್ ನಡುಕ. ಹಾಸನದಲ್ಲಿ ನಿಲ್ಲಿಸಿ ನೋಡಿದರೆ ಮುಂದಿನ ಬಲ ರಿಮ್ಮಿನ ಒಳಗೆ ಅಂಟಿಸಿದ್ದ ತೂಕದ ಪಟ್ಟಿ ಮಾಯ. ಬ್ರೇಕ್ ಧೂಳನ್ನು ಒರೆಸದೆ ಅಂಟಿಸಿದರೆ ಹೀಗೆಯೇ. ಪೆಟ್ರೋಲ್ ಬಟ್ಟೆಯಿಂದ ಒರೆಸಿ ಮತ್ತೆ 35 ಗ್ರಾಂ ಹಾಕಿಸಿದ ಮೇಲೆ ನಡುಕ ನಿಂತಿತು.

ಮರುದಿನ ಬೆಳಿಗ್ಗೆ ಆರಕ್ಕೆ ಘಾಟಿಯ ಮೇಲ್ತುದಿಯ ಕೊಟ್ಟಿಗೆಹಾರ. ಮಂಜು, ಜಿಟಿಜಿಟಿ ಮಳೆ. ಗೇಜ್ ಹಿಡಿದರೆ 30 ಪಿಎಸ್‌ಐ. ಹಿಂದಿನ ದಿನ 32 ತುಂಬಿಸಿದ್ದು; ಎಲ್ಲೂ ಸೋರಿಲ್ಲ. ಬೆಂಗಳೂರಿನ ಮಧ್ಯಾಹ್ನ 30 ಡಿಗ್ರಿ, ಇಲ್ಲಿ 19. ಐದೂವರೆ ಡಿಗ್ರಿಗೆ ಸುಮಾರು ಒಂದು ಪಿಎಸ್‌ಐ ಇಳಿಯುತ್ತದೆ, ಲೆಕ್ಕ ಸರಿಯಾಯಿತು. ಘಾಟಿಗೆ ಹೋಗುವವರು ಗಾಳಿಯನ್ನು ಘಾಟಿ ಶುರುವಾಗುವಲ್ಲೇ, ಟೈರ್ ತಣ್ಣಗಿರುವಾಗ ನೋಡಬೇಕು. ಓಡಿ ಬಂದ ಮೇಲೆ 36 ತೋರಿಸಿತೆಂದು ಗಾಳಿ ಬಿಡುವುದು ತಪ್ಪು.

ಪರೀಕ್ಷೆ ಎಂದರೆ ವೇಗವಲ್ಲ. ಚಾರ್ಮಾಡಿ ಸಾರ್ವಜನಿಕ ರಸ್ತೆ, ಎದುರಿಗೆ ಬಸ್ಸು ಬರುತ್ತದೆ. ಎರಡನೇ ಗೇರಿನಲ್ಲಿ, 35ರಿಂದ 45 ವೇಗದಲ್ಲಿ, ತನ್ನ ಬದಿ ಬಿಡದೆ ಓಡಿಸಿದರೂ ಟೈರ್ ತನ್ನ ಕಥೆ ಹೇಳುತ್ತದೆ. ಟೈರ್ ಎಷ್ಟು ಮಡಚುತ್ತದೆಂದು ತಿಳಿಯಲು ಭುಜದ ಮೇಲೆ ಚಾಕ್‌ಪೀಸಿನಿಂದ ಅಡ್ಡ ಗೆರೆ ಎಳೆದು, ಅದೇ ನಾಲ್ಕು ಕಿ.ಮೀ. ತುಣುಕನ್ನು ಮೂರು ಗಾಳಿಯಲ್ಲಿ ಇಳಿದು ಹತ್ತಿದ್ದು. ಒದ್ದೆಯಲ್ಲಿ ಚಾಕ್ ತೊಳೆದು ಹೋಗುವುದರಿಂದ ಮಳೆ ಬಿಟ್ಟ ಒಂಬತ್ತು ಗಂಟೆಯ ಮೇಲಿನ ಓಟಗಳನ್ನಷ್ಟೇ ಅದರಲ್ಲಿ ನಂಬಬಹುದು.

ನಾಲ್ಕಕ್ಕೂ 32 ಇದ್ದಾಗ ಹಿಡಿತ ಚೆನ್ನಾಗಿತ್ತು, ಆದರೆ ಇಳಿಜಾರಿನ ಹೇರ್‌ಪಿನ್‌ಗಳಲ್ಲಿ ಭಾರವೆಲ್ಲ ಮುಂದೆ ಬಿದ್ದು ಹೊರ ಟೈರ್ ಮಡಚಿಕೊಳ್ಳುತ್ತಿತ್ತು. ಚಾಕ್ ಗೆರೆ ಸೈಡ್‌ವಾಲಿನ ಚಿಕ್ಕ ತ್ರಿಕೋನದ ಗುರುತನ್ನೂ ದಾಟಿ ಅಳಿಸಿತ್ತು. ಮುಂದೆ 34, ಹಿಂದೆ 32 ಮಾಡಿದಾಗ ಗೆರೆ ತ್ರಿಕೋನದ ಹತ್ತಿರ ನಿಂತಿತು, ಸ್ಟಿಯರಿಂಗಿನ ಆ ಅರೆಕ್ಷಣದ ಯೋಚನೆಯೂ ಬಹುಪಾಲು ಹೋಯಿತು. ಇನ್ನೂ ಏರಿಸೋಣವೆಂದು 36 ಮತ್ತು 33 ಮಾಡಿದ್ದು ಅತಿಯಾಯಿತು: ಒಣ ತಿರುವಿನಲ್ಲಿ ಚುರುಕು, ತೇಪೆ ಹಾಕಿದ ಡಾಂಬರಿನ ಮೇಲೆ ಮಾತ್ರ ಮುಂಭಾಗ ಕುಣಿದು ಹೊರಕ್ಕೆ ಜಾರತೊಡಗಿತು. ಹತ್ತುವಾಗ ಮುಂದಿನ ಚಕ್ರ ಹಗುರವಾಗುವ ಕಾರಣ ತಿರುವಿನ ಕೊನೆಗೆ ಆಕ್ಸಿಲರೇಟರ್ ಕೊಟ್ಟರೆ ಒಳ ಚಕ್ರ ಗಿರಕಿ ಹೊಡೆದು, ಕಾರು ಜಾರದಂತೆ ತಡೆಯುವ ಇಎಸ್‌ಪಿ ದೀಪ ಮಿನುಗುತ್ತಿತ್ತು. 34/32ಕ್ಕೆ ಮರಳಿದ್ದೇ ಸರಿ. ಬಂಡೆಯಿಂದ ನೀರು ಜಿನುಗಿ ಪಾಚಿ ಕಟ್ಟಿದ ಅಂಚು, ಬಿಳಿ ಬಣ್ಣದ ಪಟ್ಟೆ, ಕೊಳೆತ ಎಲೆ: ಇವುಗಳ ಮೇಲೆ ಯಾವ ಟೈರೂ ನಿಲ್ಲದು, ಆ ಬೆಳಿಗ್ಗೆ ಇದೂ ನಿಂತಿಲ್ಲ.

ಹತ್ತಿ ಬಂದು ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನುವ ಹೊತ್ತಿಗೆ ಬೋಲ್ಟ್‌ಗಳಿಗೆ ಇನ್ನೊಮ್ಮೆ ರೆಂಚ್ ಹಾಕಿ ನೋಡಬಹುದು, ಹೊಸದಾಗಿ ಕಳಚಿ ಹಾಕಿದ ಚಕ್ರಕ್ಕೆ ಅದು ಬೇಕೇ ಬೇಕು.

ಮುಂದಿನ ಎರಡನ್ನೇ ಬದಲಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಎಳೆಯುವುದು, ತಿರುಗುವುದು, ಬ್ರೇಕಿನ ಹೆಚ್ಚಿನ ಪಾಲು ಎಲ್ಲವೂ ಮುಂದೆಯೇ ತಾನೇ ಎಂಬ ವಾದ. ಎರಡೇ ಕೊಳ್ಳುವ ಶಕ್ತಿಯಿದ್ದರೆ ಹೊಸದು ಹಿಂದಕ್ಕೆ ಹೋಗಬೇಕು. ಗಾಳಿ 32 ಪಿಎಸ್‌ಐ ಇದ್ದು ಟ್ರೆಡ್ ಸವೆದ ಟೈರು ನಿಂತ ನೀರಿನ ಮೇಲೆ ಸುಮಾರು 94 ಕಿ.ಮೀ. ವೇಗಕ್ಕೆ ತೇಲಬಹುದೆಂದು ನಾಸಾದ ಹಳೇ ಸೂತ್ರ ಹೇಳುತ್ತದೆ. ಮುಂಭಾಗ ತೇಲಿದರೆ ಸ್ಟಿಯರಿಂಗ್ ಹಗುರವಾಗಿ ಮುನ್ಸೂಚನೆ ಸಿಗುತ್ತದೆ, ಕಾಲು ತೆಗೆಯಬಹುದು. ಹಿಂಭಾಗ ತೇಲಿದರೆ ಕಾರು ತಿರುಗಿ ನಿಲ್ಲುವವರೆಗೆ ಗೊತ್ತೇ ಆಗುವುದಿಲ್ಲ.

ಸ್ಟೆಪ್ನಿ ಮಾತ್ರ ಹಳೇ 185/60ರಲ್ಲೇ ಉಳಿಯಿತು. ವ್ಯಾಸದಲ್ಲಿ ಏಳೆಂಟು ಮಿ.ಮೀ. ವ್ಯತ್ಯಾಸ. ಮುಂದಿನ ಟೈರ್ ಪಂಕ್ಚರ್ ಆದರೆ ಹಿಂದಿನದೊಂದನ್ನು ಮುಂದಕ್ಕೆ ತಂದು, ಸ್ಟೆಪ್ನಿಯನ್ನು ಹಿಂದಕ್ಕೆ ಹಾಕಬೇಕು. ಮುಂದೆ ಹಾಕಿದರೆ ಎರಡು ಚಕ್ರಗಳ ವೇಗದ ವ್ಯತ್ಯಾಸ ಸರಿದೂಗಿಸುವ ಡಿಫರೆನ್ಷಿಯಲ್ ದಾರಿಯುದ್ದಕ್ಕೂ ಬಿಡದೆ ದುಡಿಯುತ್ತದೆ. ಮಳೆಯಲ್ಲಿ ಎರಡೆರಡು ಸಲ ಜಾಕ್ ಹಾಕುವ ಕಷ್ಟ ನೆನೆದು ಐದನೇ ಟೈರಿಗೂ ಆರ್ಡರ್ ಕೊಟ್ಟದ್ದಾಗಿದೆ.