ಮಲೆನಾಡಿನ ಮಳೆಗಾಲದಲ್ಲಿ ಕಡಲನೀರಿನ ತೊಟ್ಟಿಯನ್ನು ಕಾಯುವುದು

ಚಿಕ್ಕಮಗಳೂರಿನಲ್ಲಿ ಮುಂಗಾರು ಹಿಡಿದುಕೊಂಡಿತೆಂದರೆ, ಅದರಲ್ಲೂ ಪುನರ್ವಸು, ಪುಷ್ಯ ಮಳೆಗಳು ಗಾಳಿಯೊಡನೆ ಸುರಿಯತೊಡಗಿದವೆಂದರೆ, ತೋಟದ ಸಿಲ್ವರ್ ಓಕ್ ಮರಗಳು ತಂತಿಯ ಮೇಲೆ ಉರುಳುವುದೂ ಕರೆಂಟು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಹೋಗುವುದೂ ಇಲ್ಲಿಯವರಿಗೆ ಹೊಸತಲ್ಲ. ಮನೆಮಂದಿ ಅದಕ್ಕೆ ಹೊಂದಿಕೊಳ್ಳುತ್ತಾರೆ. ಕಡಲನೀರಿನ ಅಕ್ವೇರಿಯಂನಲ್ಲಿರುವ ಜೀವಿಗಳು ಹೊಂದಿಕೊಳ್ಳಲಾರವು. ನನ್ನದು ಸುಮಾರು 200 ಲೀಟರ್ ನೀರಿನ ತೊಟ್ಟಿ: ಒಂದು ಜೋಡಿ ಕ್ಲೌನ್ ಮೀನು, ಜೊವಾಂತಿಡ್ ಮತ್ತು ಮಶ್ರೂಮ್ ಬಗೆಯ ಮೆದು ಹವಳಗಳು, ಬ್ಯಾಕ್ಟೀರಿಯಾ ನೆಲೆಸಿದ ಲೈವ್ ರಾಕ್. ದಿಬ್ಬ ಕಟ್ಟುವ ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿದವು. ಅವು ಕಡಲಿನಲ್ಲೇ ಇರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯವಾದ್ದರಿಂದ ಅವನ್ನು ನಾನು ಸಾಕಿಲ್ಲ.

ಕರೆಂಟು ಹೋದೊಡನೆ ಹೆಚ್ಚಿನವರು ಚಿಂತಿಸುವುದು ದೀಪ ಮತ್ತು ಹೀಟರ್ ಬಗ್ಗೆ. ಆದರೆ ಬೆಳಕಿಲ್ಲದೆ ಹವಳಗಳು ಕೆಲವು ದಿನ ತಾಳಿಕೊಳ್ಳಬಲ್ಲವು, ನೀರಿನ ಬಿಸಿಯೂ ನಿಧಾನವಾಗಿಯೇ ಇಳಿಯುತ್ತದೆ; ಮೊದಲು ಮುಗಿಯುವುದು ನೀರಿನಲ್ಲಿ ಕರಗಿರುವ ಆಮ್ಲಜನಕ. ಪಂಪುಗಳು ನಿಂತಾಗ ನೀರಿನ ಮೇಲ್ಮೈ ಕದಲುವುದಿಲ್ಲ, ಗಾಳಿಯಿಂದ ಆಮ್ಲಜನಕ ಒಳಸೇರುವುದು ತೀರಾ ನಿಧಾನವಾಗುತ್ತದೆ, ಆದರೆ ಮೀನು, ಹವಳ, ಕಲ್ಲಿನೊಳಗಿನ ಬ್ಯಾಕ್ಟೀರಿಯಾಗಳೆಲ್ಲವೂ ಉಸಿರಾಡುತ್ತಲೇ ಇರುತ್ತವೆ. ಹಗಲಿನಲ್ಲಿ ಹವಳದೊಳಗಿನ ಪಾಚಿಗಳು ಬೆಳಕನ್ನು ಬಳಸಿ ಒಂದಿಷ್ಟು ಆಮ್ಲಜನಕವನ್ನು ಬಿಡುತ್ತವೆ. ಕತ್ತಲಾದ ಮೇಲೆ ಅವೂ ಅದನ್ನು ಬಳಸುವವರ ಸಾಲಿಗೆ ಸೇರುವುದರಿಂದ ರಾತ್ರಿಯ ಕಡಿತವೇ ಹೆಚ್ಚು ಅಪಾಯಕಾರಿ.

ನಮ್ಮ ಊರಿನವರು ಇನ್ನೂ ಒಂದು ವಿಷಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಿಹಿನೀರು ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ, ಕಡಲನೀರು ಹಿಡಿದಿಡುವುದು ಸುಮಾರು 6.7 ಮಿಲಿಗ್ರಾಂ ಮಾತ್ರ, ಅದೂ ಸಮುದ್ರಮಟ್ಟದಲ್ಲಿ. ಚಿಕ್ಕಮಗಳೂರು 1,000 ಮೀಟರಿಗಿಂತ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಶೇಕಡಾ 10ಕ್ಕೂ ಹೆಚ್ಚು ಕಡಿಮೆಯಿರುವುದರಿಂದ, ಎಲ್ಲ ಪಂಪುಗಳೂ ಸರಿಯಾಗಿ ನಡೆಯುತ್ತಿರುವಾಗಲೇ ನಮ್ಮ ತೊಟ್ಟಿಯಲ್ಲಿ ಹೆಚ್ಚೆಂದರೆ 6 ಮಿಲಿಗ್ರಾಂ ಆಸುಪಾಸು ಇರುತ್ತದೆ. ಮಂಗಳೂರಿನ ಹವ್ಯಾಸಿಗೆ ಸಿಗುವಷ್ಟು ಸಮಯ ನಮಗೆ ಸಿಗುವುದಿಲ್ಲ.

ಆದ್ದರಿಂದ ಇನ್ವರ್ಟರಿನಿಂದ ನಡೆಯಬೇಕಾದದ್ದು ನೀರಿನ ಮೇಲ್ಮೈಯನ್ನು ಕದಲಿಸುವ ಒಂದು ಚಿಕ್ಕ ವೇವ್‌ಮೇಕರ್ ಮಾತ್ರ. ಮನೆಗಳಲ್ಲಿ ಸಾಮಾನ್ಯವಾಗಿರುವ 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1,800 ವಾಟ್-ಅವರ್ ಶಕ್ತಿಯಿದ್ದರೂ, ಬ್ಯಾಟರಿಯ ಬಾಳಿಕೆಯ ದೃಷ್ಟಿಯಿಂದ ಅರ್ಧದಷ್ಟನ್ನೇ ಬಳಸಿ, ಇನ್ವರ್ಟರಿನಲ್ಲಿ ಆಗುವ ನಷ್ಟವನ್ನೂ ಕಳೆದರೆ, ಕೈಗೆ ಸಿಗುವುದು 700 ವಾಟ್-ಅವರ್‌ನಷ್ಟು. 200 ವಾಟಿನ ಹೀಟರ್ ಒಂದೇ ಸಮನೆ ನಡೆದರೆ ಅದನ್ನು ನಾಲ್ಕು ಗಂಟೆಯೊಳಗೆ ಮುಗಿಸಿಬಿಡುತ್ತದೆ. 10 ವಾಟಿನ ವೇವ್‌ಮೇಕರ್, ಇನ್ವರ್ಟರ್ ತನಗಾಗಿ ಬಳಸಿಕೊಳ್ಳುವ ಶಕ್ತಿಯನ್ನು ಸೇರಿಸಿದರೂ, ಒಂದು ಹಗಲು-ರಾತ್ರಿ ದಾಟಿಸುತ್ತದೆ. ಬ್ಯಾಟರಿಯ ಮೇಲೆ ಮನೆಯ ಫ್ಯಾನು, ಟಿವಿಗಳ ಹೊರೆಯೂ ಬೀಳುವುದಾದರೆ ತೊಟ್ಟಿಗೆಂದೇ ಬೇರೆ ಇನ್ವರ್ಟರ್ ಇಡುವುದು ಒಳ್ಳೆಯದು. ಅದು ಸೈನ್ ವೇವ್ ಬಗೆಯದೇ ಆಗಿರಲಿ, ಏಕೆಂದರೆ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಎಸಿ ಪಂಪಿನ ಮೋಟಾರುಗಳು ಗುಂಯ್‌ಗುಡುತ್ತ ಬಿಸಿಯಾಗುತ್ತವೆ.

ಇನ್ವರ್ಟರೂ ಕೈಕೊಡುವ ದಿನಕ್ಕಾಗಿ ಬ್ಯಾಟರಿಯಿಂದ ನಡೆಯುವ ಏರ್ ಪಂಪೊಂದು ಇರಲೇಬೇಕು. ಕರೆಂಟು ಹೋದ ಕ್ಷಣದಲ್ಲಿ ತಾನಾಗಿಯೇ ಚಾಲೂ ಆಗುವಂಥವು ಸಿಗುತ್ತವೆ. ಮನೆಯಲ್ಲಿ ಯಾರೂ ಇಲ್ಲದ ಹೊತ್ತಿಗೆ ಅವುಗಳಷ್ಟು ನೆಚ್ಚಬಹುದಾದ ಸಾಧನ ಇನ್ನೊಂದಿಲ್ಲ. ಏನೂ ಇಲ್ಲದಿದ್ದರೆ ಮಗ್ಗಿನಲ್ಲಿ ನೀರನ್ನು ಮೊಗೆದು ಒಂದು ಗೇಣು ಎತ್ತರದಿಂದ ಮತ್ತೆ ತೊಟ್ಟಿಗೇ ಸುರಿಯುವುದನ್ನು ಆಗಾಗ ಮಾಡುತ್ತಿರಬೇಕು. ಆ ಮಗ್ಗು ಪ್ಲಾಸ್ಟಿಕ್ಕಿನದಾಗಿರಲಿ. ತಾಮ್ರದ, ಹಿತ್ತಾಳೆಯ ಚೊಂಬನ್ನು ಈ ನೀರಿಗೆ ಮುಟ್ಟಿಸಲೇಬಾರದು, ಏಕೆಂದರೆ ತಾಮ್ರದ ಅಂಶ ಹವಳ, ಸೀಗಡಿ, ಬಸವನಹುಳುಗಳಿಗೆ ವಿಷ. ಕರೆಂಟು ಬರುವವರೆಗೆ ಮೀನುಗಳಿಗೆ ಆಹಾರ ಹಾಕುವುದು ಬೇಡ. ಆಹಾರ ಜೀರ್ಣವಾಗಲೂ, ಉಳಿದದ್ದು ಕೊಳೆಯಲೂ ಆಮ್ಲಜನಕವೇ ಖರ್ಚಾಗುತ್ತದೆ.

ಬಿಸಿಯ ವಿಷಯದಲ್ಲಿ ಅವಸರಪಡಬೇಕಾಗಿಲ್ಲ. ತಣ್ಣಗಾಗುವ ನೀರು ಆಮ್ಲಜನಕವನ್ನು ಹೆಚ್ಚು ಹಿಡಿದುಕೊಳ್ಳುತ್ತದೆ, ಜೀವಿಗಳ ಉಸಿರಾಟವೂ ತಗ್ಗುತ್ತದೆ, ಹಾಗಾಗಿ 25ರಿಂದ 22 ಡಿಗ್ರಿಗೆ ಮೆಲ್ಲನೆ ಇಳಿಯುವುದರಿಂದ ಹಾನಿಯಾಗುವ ಸಂಭವ ಕಡಿಮೆ. ಅದಕ್ಕಿಂತ ಕೆಳಗಿಳಿಯುವಂತೆ ಕಂಡರೆ ತೊಟ್ಟಿಯ ನಾಲ್ಕು ಬದಿಗೂ ಥರ್ಮೋಕೋಲ್ ಹಲಗೆಯನ್ನೋ ಕಂಬಳಿಯನ್ನೋ ಸುತ್ತಬೇಕು, ಆದರೆ ಮೇಲ್ಭಾಗವನ್ನು ಮುಚ್ಚಬಾರದು, ಗಾಳಿ ಆಡಬೇಕಾದದ್ದು ಅಲ್ಲಿಯೇ. ಬಚ್ಚಲ ಹಂಡೆಯ ಬಿಸಿನೀರನ್ನು ಬಾಟಲಿಗಳಲ್ಲಿ ತುಂಬಿ, ಮುಚ್ಚಳ ಬಿಗಿದು, ಹೊರಮೈಯನ್ನು ಚೆನ್ನಾಗಿ ತೊಳೆದು ತೇಲಿಬಿಡಬಹುದು. 70 ಡಿಗ್ರಿಯ ಒಂದು ಲೀಟರ್ ಬಾಟಲಿ ಪೂರ್ತಿ ತಣಿದರೂ 200 ಲೀಟರ್ ನೀರನ್ನು ಕಾಲು ಡಿಗ್ರಿಯಷ್ಟೂ ಏರಿಸುವುದಿಲ್ಲ, ಆದ್ದರಿಂದ ಒಂದು ಡಿಗ್ರಿಗೆ ನಾಲ್ಕೈದು ಬಾಟಲಿಗಳಾದರೂ ಬೇಕು. ಹೀಗೆ ನಿಧಾನವಾಗಿ ಏರುವುದು ಜೀವಿಗಳಿಗೂ ಹಿತ.

ತೊಟ್ಟಿಯ ಕೆಳಗೆ ಸಂಪ್, ಅಂದರೆ ನೀರನ್ನು ಸೋಸಿ ಪಂಪಿನಿಂದ ಮತ್ತೆ ಮೇಲಕ್ಕೆ ಕಳಿಸುವ ಇನ್ನೊಂದು ತೊಟ್ಟಿ, ಇಟ್ಟುಕೊಂಡವರು ಮಳೆಗಾಲಕ್ಕೆ ಮುನ್ನವೇ ಮೇನ್ ಪಂಪನ್ನು ಆರಿಸಿ ನೋಡಬೇಕು. ಪಂಪು ನಿಂತಾಗ ಮೇಲಿನ ನೀರು ಪೈಪಿನ ಮೂಲಕ ಹಿಂದಕ್ಕೆ ಹರಿದು ಕೆಳಗೆ ಇಳಿಯುತ್ತದೆ. ಅಷ್ಟನ್ನು ಹಿಡಿಯುವ ಜಾಗ ಸಂಪಿನಲ್ಲಿ ಇಲ್ಲದಿದ್ದರೆ ಉಪ್ಪುನೀರು ನೆಲದ ತುಂಬಾ ಹರಿಯುತ್ತದೆ. ಪೈಪಿನಲ್ಲಿ ನೀರಿನ ಮಟ್ಟಕ್ಕಿಂತ ತುಸುವೇ ಕೆಳಗೆ ಒಂದು ಸಣ್ಣ ರಂಧ್ರವಿದ್ದರೆ, ಗಾಳಿ ಒಳಹೊಕ್ಕು ಈ ಹರಿವು ತಾನೇ ನಿಲ್ಲುತ್ತದೆ. ನೀರನ್ನು ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವನ್ನು ನಾನು ನಂಬುವುದಿಲ್ಲ, ಏಕೆಂದರೆ ಉಪ್ಪು, ಪಾಚಿ ಕಟ್ಟಿಕೊಂಡು ಅದು ಬೇಕಾದ ಹೊತ್ತಿಗೆ ಮುಚ್ಚದೇ ಹೋಗಬಹುದು.

ಕರೆಂಟು ಮರಳಿದಾಗ ವೋಲ್ಟೇಜ್ ಏರಿಳಿಯುವುದು ಸಾಮಾನ್ಯವಾದ್ದರಿಂದ ಪ್ಲಗ್ಗುಗಳನ್ನು ತೆಗೆದಿಟ್ಟು, ಸ್ವಲ್ಪ ಹೊತ್ತು ಕಾದು, ಒಂದೊಂದಾಗಿ ಹಾಕಬೇಕು. ಹೀಟರ್ ಪೂರ್ತಿ ನೀರಿನಲ್ಲಿ ಮುಳುಗಿದೆಯೇ ಎಂದು ನೋಡದೆ ಸ್ವಿಚ್ ಹಾಕಿದರೆ ಅದರ ಗಾಜು ಒಡೆಯಬಹುದು. ತೊಟ್ಟಿಯ ಹೊರಗೆ ಮುಚ್ಚಿದ ಡಬ್ಬಿಯಂತಿರುವ ಕ್ಯಾನಿಸ್ಟರ್ ಫಿಲ್ಟರ್ ಇದ್ದರೆ, ಗಂಟೆಗಟ್ಟಲೆ ನಿಂತಿದ್ದ ಅದರ ನೀರಿನಲ್ಲಿ ಆಮ್ಲಜನಕ ಮುಗಿದು ಬ್ಯಾಕ್ಟೀರಿಯಾ ಸತ್ತು ಕೊಳೆಯುತ್ತಿರಬಹುದಾದ್ದರಿಂದ, ಆ ನೀರನ್ನು ಚೆಲ್ಲಿ ಒಳಗಿನದನ್ನು ತೊಳೆದ ಮೇಲೆಯೇ ಅದನ್ನು ನಡೆಸಬೇಕು. ಕೊಳೆತದ್ದರಿಂದ ಹುಟ್ಟುವ ಅಮೋನಿಯಾ ಮೀನುಗಳಿಗೆ ವಿಷವಾದ್ದರಿಂದ, ಮುಂದಿನ ಒಂದೆರಡು ದಿನ ನೀರಿನ ಅಮೋನಿಯಾ ಪರೀಕ್ಷೆ ಮಾಡುತ್ತಿರಬೇಕು, ಕಂಡುಬಂದರೆ ಐದನೆಯ ಒಂದು ಭಾಗದಷ್ಟು ನೀರನ್ನು ಬದಲಿಸಬೇಕು. ಇದಕ್ಕಾಗಿ ಮುಂಗಾರು ಮುಗಿಯುವವರೆಗೂ ಆರ್‌ಒ ನೀರಿಗೆ ಕಡಲ ಉಪ್ಪನ್ನು ಬೆರೆಸಿ, ಸಾಂದ್ರತೆಯನ್ನು 1.025ಕ್ಕೆ ಹೊಂದಿಸಿದ 40 ಲೀಟರ್ ನೀರನ್ನು ಮುಚ್ಚಿದ ಡ್ರಮ್ಮಿನಲ್ಲಿ ಸಿದ್ಧವಾಗಿ ಇಟ್ಟಿರುತ್ತೇನೆ.